ಪದಕದ ಅಂಚು

ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಬಂಡೆಯನ್ನು ಸೀಳಿದ್ದು ಲಕ್ಷ್ಮಣನ ಬಾಣ. ಅದಕ್ಕೆ ಯಾರೂ ದಾಖಲೆ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಆದರೆ ಯಾರಾದರೂ 'ನಮ್ಮ ಮುತ್ತಾತ ಹಡಗು ಹತ್ತಿ ಹೋಗಿ ತುರ್ಕರನ್ನು ಈಟಿಯಲ್ಲಿ ತಿವಿದು ಬಂದರು' ಎಂದು ಶುರುಮಾಡಿದರೆ ನನ್ನ ಕೈ ಜೇಬಿನ ಭೂತಗನ್ನಡಿಗೆ ಹೋಗುತ್ತದೆ.

ಕಡಲೇ ಕಾಣದ ಈ ಸೀಮೆಯಲ್ಲಿ ಅಂಥ ಹಿರೀಕರಿದ್ದರೆ ಮೊದಲು ನೆನೆಯಬೇಕಾದ್ದು ಮೈಸೂರು ಲ್ಯಾನ್ಸರ್ಸ್. ಮೊದಲ ಮಹಾಯುದ್ಧಕ್ಕೆಂದು 1914ರಲ್ಲಿ ಈಜಿಪ್ಟಿಗೆ ಹೊರಟ ಈ ಅಶ್ವದಳ ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಊರಿನತ್ತ ನುಗ್ಗುವಾಗ ನಮ್ಮವರು ಕಾರ್ಮೆಲ್ ಗುಡ್ಡದ ಫಿರಂಗಿಗಳ ಮೇಲೆ ಏರಿಹೋದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತ ಮೂವರಲ್ಲಿ ಒಬ್ಬ ಮೈಸೂರಿನವನೇ.

ಹೆಸರು ಹುಡುಕುವವರು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿ ನೋಡಿ ಸೋತು ಬರುತ್ತಾರೆ. ಸೋಲದೆ ಇನ್ನೇನು? ಅದು ಸತ್ತವರ ಪಟ್ಟಿ. ಬದುಕಿ ಬಂದು ರಾಗಿ ಬಿತ್ತಿದವನು ಅಲ್ಲೇಕೆ ಇರುತ್ತಾನೆ! ಅವನನ್ನು ಮನೆಯ ಟ್ರಂಕಿನಲ್ಲೇ ಹುಡುಕಬೇಕು. ಆ ಯುದ್ಧದ ಪದಕದ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ದಳ ಕೊರೆದಿರುತ್ತಾರೆ. ಗುಮಾಸ್ತನ ಇಂಗ್ಲಿಷ್ ಕಾಗುಣಿತದಲ್ಲಿ ನಿಂಗಯ್ಯ ಏನೇನೋ ಆಗಿರಬಹುದು, ಬಾಯಿಬಿಟ್ಟು ಓದಿದರೆ ಸಿಕ್ಕುತ್ತಾನೆ.

ಪಕ್ಕದೂರಿನ ಒಂದು ಮನೆಯಲ್ಲಿ ಅಜ್ಜಿ ಅರಿಶಿನದ ಬಟ್ಟೆಯಿಂದ ಬಿಲ್ಲೆ ತೆಗೆದರು. ಒಂದು ಕಡೆ ಐದನೇ ಜಾರ್ಜ್ ದೊರೆ, ಇನ್ನೊಂದು ಕಡೆ ಕುದುರೆ ಏರಿದ ಬತ್ತಲೆ ವೀರ. ಸರಿಯೇ, ಆದರೆ ಲೋಹ ಕಂಚು. ಕಾದಾಡಿದ ಸಿಪಾಯಿಗೆ ಈ ಪದಕ ಬೆಳ್ಳಿಯದು, ಕಂಚು ದಳದ ಹಿಂದೆ ದುಡಿದ ಆಳುಗಳಿಗೆ. (ರೆಕ್ಕೆಯ ದೇವತೆ ಇರುವ ಇನ್ನೊಂದು ಪದಕ ಎಲ್ಲರಿಗೂ ಕಂಚೇ. ಅದನ್ನು ಇದರೊಡನೆ ಬೆರೆಸಬೇಡಿ.)

ಹೇಗೆ ಹೇಳಲಿ? "ಅಜ್ಜೀ, ಅವರು ಈಟಿ ಹಿಡಿದಂತೆ ಕಾಣೆ. ಕುದುರೆ ಲಾಯದಲ್ಲಿ ಇದ್ದರೋ ಏನೋ" ಎಂದೆ. ಮೊಮ್ಮಗನ ಮುಖ ಇಳಿಯಿತು. ಅಜ್ಜಿ ಮಾತ್ರ, "ಅದಕ್ಕೇ ಮತ್ತೆ, ಹಡಗಿನಾಗೆ ಕುದುರೆ ಒಂದು ದಿನಾನೂ ಮಲಗಲಿಲ್ಲ, ನಿಂತೇ ಬಂದವು ಅಂತಿದ್ರಂತೆ. ನಾವೆಲ್ಲ ಸುಳ್ಳು ಅಂದ್ಕೊಂಡಿದ್ವಿ" ಎಂದರು.

ಸುಳ್ಳಲ್ಲ. ಅಂದಿನ ಹಡಗುಗಳಲ್ಲಿ ಕುದುರೆಗಳನ್ನು ತಿರುಗಲೂ ಆಗದ ಇಕ್ಕಟ್ಟಿನ ಗೂಡುಗಳಲ್ಲಿ ನಿಲ್ಲಿಸಿಯೇ ಸಾಗಿಸುತ್ತಿದ್ದರು.