ಪ್ಯಾನ್‌ಗೆ ಬೀಜ ಬೀಳುವ ಗಳಿಗೆ

ಹಳ್ಳಿಖೇಡ್ (ಬಿ)ಯ ಬಿಎಸ್‌ಎಸ್‌ಕೆ ಸಹಕಾರಿ ಸಕ್ಕರೆ ಕಾರ್ಖಾನೆ ಹುಮನಾಬಾದ್, ಬಸವಕಲ್ಯಾಣದ ರೈತರಿಗೆ ಹಳೆಯ ಪರಿಚಯ. ಕಬ್ಬಿನ ದರ ರಿಕವರಿಯ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣದ ಮೇಲೆ ನಿಂತಿದೆ ಎಂಬುದೂ ಅವರಿಗೆ ಗೊತ್ತು. ಆ ರಿಕವರಿಯ ಒಂದು ಪಾಲು ಯಾವ ಕಾರ್ಖಾನೆಯಲ್ಲೇ ಆಗಲಿ ತೀರ್ಮಾನವಾಗುವುದು ಸಿರಪ್ಪು ಕುದಿಸಿ ಹರಳು ಮಾಡುವ ಪಾತ್ರೆಗಳ, ಅಂದರೆ ಪ್ಯಾನ್‌ಗಳ ವಿಭಾಗದಲ್ಲಿ. ಅಲ್ಲಿನ ನಿಯಂತ್ರಣ ಪದ್ಧತಿಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ.

ಮಿಲ್ಲಿನಿಂದ ರಸ ಹಗಲಿರುಳು ಹರಿದು ಬರುತ್ತದೆ. ಪ್ಯಾನ್‌ಗಳು ಹಾಗಲ್ಲ; ಸರದಿಯಂತೆ ತುಂಬಿ, ಕುದಿದು, ಖಾಲಿಯಾಗುತ್ತವೆ. ಹರಿವೂ ಹಂತವೂ ಹೀಗೆ ಬೆರೆತದ್ದನ್ನು ನಿಯಂತ್ರಣ ಶಾಸ್ತ್ರ ಹೈಬ್ರಿಡ್ ವ್ಯವಸ್ಥೆ ಎನ್ನುತ್ತದೆ. ವಾಡಿಕೆಯ ಯಾಂತ್ರೀಕರಣ ಇವೆರಡನ್ನೂ ಬೇರೆ ಬೇರೆ ಇಡುತ್ತದೆ: ಉಷ್ಣತೆ, ನಿರ್ವಾತ ನೋಡಿಕೊಳ್ಳಲು ಪಿಐಡಿ ನಿಯಂತ್ರಕ, ಹಂತ ಬದಲಿಸಲು ಪಿಎಲ್‌ಸಿ ಎಂಬ ನಿಯಂತ್ರಣ ಗಣಕ. ತಪ್ಪಿರುವುದು ಇಲ್ಲೇ.

ಬೀಜ ಹಾಕುವ ಗಳಿಗೆಯನ್ನೇ ನೋಡಿ. ಸಿರಪ್ಪು ಹದವಾಗಿ ಗಟ್ಟಿಯಾದಾಗ ಸಣ್ಣ ಹರಳಿನ ಬೀಜ ಬಿಟ್ಟರೆ ಅವೇ ಬೆಳೆಯುತ್ತವೆ. ಹದ ಮೀರಿದರೆ ಬೇಡದ ಪುಡಿ ಹರಳು ತಾವಾಗಿಯೇ ಹುಟ್ಟಿ, ಸೆಂಟ್ರಿಫ್ಯೂಗಲ್ ಜಾಲರಿ ಕಟ್ಟಿಕೊಳ್ಳುತ್ತದೆ. ತೊಳೆಯಲು ನೀರು ಹೆಚ್ಚು ಬಿಡಬೇಕು, ಸಕ್ಕರೆ ಕರಗಿ ಮತ್ತೆ ಹಿಂದಕ್ಕೇ ಹೋಗುತ್ತದೆ. ಅನುಭವಿ ಪ್ಯಾನ್‌ಮ್ಯಾನ್ ಮಾದರಿ ತೆಗೆದು, ಗಾಜಿನ ಮೇಲೆ ಸವರಿ, ಬೆಳಕಿಗೆ ಹಿಡಿದು ಹರಳು ನೋಡುತ್ತಾನೆ. ಈ ಗಳಿಗೆ ತಪ್ಪಿದರೆ ಆಮೇಲೆ ಯಾವ ಪಿಐಡಿಯೂ ಸರಿಪಡಿಸದು.

ಉಗಿಯ ಕಥೆ ಇನ್ನೂ ತೊಡಕಿನದು. ಎರಡು ಪ್ಯಾನ್ ಒಟ್ಟಿಗೆ ಉಗಿ ಎಳೆದರೆ ರಸವನ್ನು ಸಿರಪ್ಪಾಗಿಸುವ ಇವ್ಯಾಪರೇಟರ್‌ಗಳ ಒತ್ತಡ ಕುಸಿಯುತ್ತದೆ, ಸಿರಪ್ಪು ತೆಳ್ಳಗಾಗುತ್ತದೆ, ಮುಂದಿನ ಕುದಿತ ಉದ್ದವಾಗುತ್ತದೆ. ಪ್ರತಿ ಪ್ಯಾನ್ ತನ್ನ ಮಟ್ಟಿಗೆ ಸರಿಯಾಗಿದ್ದರೂ ಇಡೀ ವಿಭಾಗ ಏರುಪೇರಾಗುತ್ತದೆ.

ನಿಯಂತ್ರಣ ಶಾಸ್ತ್ರಜ್ಞರಾದ ಬೆಂಪೊರಾಡ್ ಮತ್ತು ಮೊರಾರಿ 1999ರಲ್ಲಿ ತರ್ಕವನ್ನೂ ಚಲನೆಯನ್ನೂ ಒಂದೇ ಗಣಿತದೊಳಗೆ ತಂದದ್ದು ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಕೆಲಸ. ಯಾವ ಪ್ಯಾನ್ ಯಾವಾಗ ಶುರುವಾಗಬೇಕು, ಎಷ್ಟು ಉಗಿ ಪಡೆಯಬೇಕು ಎಂಬುದನ್ನು ಒಟ್ಟಿಗೇ ಲೆಕ್ಕ ಹಾಕಬಹುದು. ಆದರೆ ಹೌದು-ಇಲ್ಲ ನಿರ್ಧಾರ ಒಂದು ಹೆಚ್ಚಿದರೆ ಸಾಧ್ಯತೆಗಳು ಇಮ್ಮಡಿಯಾಗುತ್ತವೆ. ಲೆಕ್ಕ ಮುಗಿಯುವಷ್ಟು ಹೊತ್ತು ಪ್ಯಾನ್ ಕಾಯುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಈ ಗಣಿತದ ಮಾದರಿಯಲ್ಲಿ ಬೀಜ ಹಾಕುವ ಹದ ಒಂದು ಗೆರೆ. ನಿಜದಲ್ಲಿ ಅದನ್ನು ನೇರವಾಗಿ ಅಳೆಯುವುದು ವಿರಳ. ಬ್ರಿಕ್ಸ್ (ಕರಗಿದ ಘನದ ಪ್ರಮಾಣ), ಉಷ್ಣತೆ, ಶುದ್ಧತೆಯಿಂದ ಲೆಕ್ಕ ಹಾಕುತ್ತಾರೆ. ಶುದ್ಧತೆ ತಿಳಿಯುವುದು ಲ್ಯಾಬಿನಿಂದ, ತಡವಾಗಿ. ಕಡಿದ ಕಬ್ಬು ಯಾರ್ಡಿನಲ್ಲಿ ಬಿಸಿಲಿಗೆ ನಿಂತಷ್ಟೂ ಶುದ್ಧತೆ ಇಳಿಯುತ್ತದೆ, ಗೆರೆಯೂ ಜರುಗುತ್ತದೆ. ಹಾಗಾಗಿ ಉಗಿಯ ಸರದಿಯನ್ನು ಗಣಿತಕ್ಕೆ ಒಪ್ಪಿಸಿ, ಕಬ್ಬು ಕಡಿದ ಹೊತ್ತನ್ನೂ ಮಾದರಿಗೆ ಉಣಿಸಬೇಕು. ಬೀಜದ ಆಜ್ಞೆಯನ್ನು ಮಾತ್ರ ಪ್ಯಾನ್‌ಮ್ಯಾನ್ ಗಾಜು ನೋಡಿ ಒಪ್ಪಿದ ಮೇಲೆಯೇ ಹೊರಡಿಸಬೇಕು.