ಮೆಲುದನಿಯ ತ್ರಿವೇಣಿ

‘ಶರಪಂಜರ’ ಅಂದ ಕೂಡಲೇ ಎಲ್ಲರಿಗೂ ನಟಿ ಕಲ್ಪನಾ ನೆನಪಾಗುತ್ತಾರೆ. ನಿರ್ದೇಶಕ ಪುಟ್ಟಣ್ಣನವರ ಆ ಸಿನಿಮಾ ನನಗೂ ಇಷ್ಟವೇ. ಆದರೂ ಅದರ ಮೂಲ ಕಾದಂಬರಿ ಬರೆದ ತ್ರಿವೇಣಿಯವರ ಹಳೇ ಓದುಗಳಾಗಿ ಒಂದು ತಕರಾರು ಇದ್ದೇ ಇದೆ: ತೆರೆಯ ಮೇಲಿನ ಆ ಅಬ್ಬರದಲ್ಲಿ ಕಾದಂಬರಿಯ ಮೆಲುದನಿ ಮುಳುಗಿಹೋಯಿತು.

ಕಥಾನಾಯಕಿ ಕಾವೇರಿಯ ಮನಸ್ಸು ಬಾಣಂತಿತನದಲ್ಲಿ ಕೆಟ್ಟು, ಆಸ್ಪತ್ರೆಯಲ್ಲಿ ಸರಿಹೋಗುತ್ತದೆ. ಅವಳು ಮನೆಗೆ ಬಂದ ಮೇಲೆ ಕಾಯಿಲೆ ಉಳಿದವರಿಗೆ ಹತ್ತಿಕೊಳ್ಳುತ್ತದೆ. ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ‘ಹುಚ್ಚಿ’ ಎಂಬ ಒಂದು ಮಾತಿನೆದುರು ಗಂಡನ ಪ್ರೀತಿಯೂ ನಿಲ್ಲುವುದಿಲ್ಲ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಇದನ್ನೆಲ್ಲ ಪಾಠದಂತೆ ಒಪ್ಪಿಸದೆ, ಪಕ್ಕದ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. ಓದಲು ಸುಲಭವಾಗಿತ್ತಲ್ಲ, ಅದಕ್ಕೇ ಇರಬೇಕು, ದೊಡ್ಡವರು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗಿಟ್ಟರು. ಅಡುಗೆಮನೆಯಲ್ಲಿ ಏನೇನು ಬೇಯುತ್ತದೆಂದು ಅವರಿಗೇನು ಗೊತ್ತು!

1953ರಲ್ಲಿ ಅವರ ಮೊದಲ ಕಾದಂಬರಿ ‘ಅಪಸ್ವರ’ ಬಂತು. ಅಲ್ಲಿಂದ ಹತ್ತು ವರ್ಷದಲ್ಲಿ 20ರ ಆಸುಪಾಸು ಕಾದಂಬರಿಗಳು. ಎಲ್ಲವೂ ಒಂದೇ ತೂಕದವಲ್ಲ. ಕೆಲವು ಕಡೆ ಕಥೆ ಮುಂದೆ ಹೋಗಲೆಂದೇ ಪಾತ್ರಗಳು ಆಕಸ್ಮಿಕವಾಗಿ ಎದುರಾಗುತ್ತವೆ. 1963ರ ಜುಲೈ 29ರಂದು, ಹೆರಿಗೆಯಾಗಿ ಕೆಲವೇ ದಿನಗಳಲ್ಲಿ, ಮೈಸೂರಿನ ಈ ಲೇಖಕಿ ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಕಾವೇರಿಯನ್ನು ಓದುವಾಗ ಇದು ಗೊತ್ತಿರದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನನ್ನ ಮಟ್ಟಿಗೆ ಅವರ ಅತಿ ಗಟ್ಟಿ ಹೆಣ್ಣು ‘ಬೆಳ್ಳಿಮೋಡ’ದ ಇಂದಿರಾ. ಅವಳ ತಂದೆಯ ದುಡ್ಡಿನಲ್ಲಿ ವಿದೇಶದಲ್ಲಿ ಓದಿಬಂದ ಮೋಹನ, ಆಸ್ತಿಗೆ ಗಂಡು ವಾರಸುದಾರ ಹುಟ್ಟಿದ್ದು ಕಂಡು ಮದುವೆಯಿಂದ ಜಾರಿಕೊಳ್ಳುತ್ತಾನೆ. ಆಮೇಲೆ ಕಾಲು ಮುರಿದುಕೊಂಡು ಬಿದ್ದವನಿಗೆ ಅವಳೇ ಆರೈಕೆ ಮಾಡುತ್ತಾಳೆ. ಅವನು ಕರಗಿ ಕೈ ಚಾಚಿದಾಗ ಮಾತ್ರ ಬೇಡ ಎನ್ನುತ್ತಾಳೆ. ಕೂಗಾಟವಿಲ್ಲ, ಶಾಪವಿಲ್ಲ. ಆರೈಕೆ ಬೇರೆ, ಮದುವೆ ಬೇರೆ ಎಂಬ ಲೆಕ್ಕ ಅವಳಿಗೆ ಚೊಕ್ಕವಾಗಿತ್ತು.

ಈ ಕಾದಂಬರಿಯನ್ನು ನಾನು ಮೊದಲು ಓದಿದ್ದು ಬಾಡಿಗೆ ಲೈಬ್ರರಿಯ ಪ್ರತಿ, ರಟ್ಟು ಕಿತ್ತದ್ದು. ಕೊನೆಯ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ‘ಪಾಪ, ಒಪ್ಪಿಕೊಳ್ಳಬಹುದಿತ್ತು’ ಎಂದು ಬರೆದಿದ್ದರು. ಅದರ ಕೆಳಗೇ ಇನ್ನೊಂದು ಕೈಬರಹ, ನೀಲಿ ಶಾಯಿಯಲ್ಲಿ: ‘ನಿಮ್ಮ ಮಗಳನ್ನು ಕೊಡಿ.’