ಪಿಕಪ್ ಹೇಳುವ ಸುಳ್ಳು

ಹಳೆಯ ಗಾಡಿಗೆ ಮನೆಯಲ್ಲೇ ಕತ್ತರಿಸಿ ಕೂರಿಸಿದ ಏರ್ ಫಿಲ್ಟರಿಗೆ ನಮ್ಮ ಕಲಬುರಗಿ ಭಾಗದಲ್ಲಿ ಇರುವ ಹೆಸರು ಅದು ಮಾಡುವ ಕೆಲಸಕ್ಕಿಂತ ಬಹಳ ದೊಡ್ಡದು. ಮಟಕಿಯಿಂದ ಆಳಂದಕ್ಕೆ ಹೋಗಿ, ಅಫಜಲಪುರದಿಂದ ಜೇವರ್ಗಿಗೆ ಹೋಗಿ, ಯಾವ ರಸ್ತೆ ಹಿಡಿದರೂ ಕಾಲು ಶತಮಾನ ದುಡಿದ ಆರ್‌ಎಕ್ಸ್ 100, ಸಿಡಿ 100, ಮೊದಮೊದಲಿನ ಸ್ಪ್ಲೆಂಡರುಗಳು ಹಾಲಿನ ಕ್ಯಾನು, ಮೇವಿನ ಹೊರೆ, ಮೂರು ಮಂದಿಯನ್ನು ಹೊತ್ತು ಓಡುತ್ತಿರುತ್ತವೆ. ಸೈಡ್ ಕವರ್ ಬಿಚ್ಚಿದರೆ ಕಂಪನಿಯ ಫಿಲ್ಟರ್ ಇರಬೇಕಾದಲ್ಲಿ ಹರಿದ ಗಾದಿಯ ಸ್ಪಂಜು ಇರುತ್ತದೆ, ಇಲ್ಲವೆ ಬನಿಯನ್ ತುಂಡು, ಸೊಳ್ಳೆಪರದೆಯ ಜಾಲಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್. ಇದನ್ನು ಕಂಡ ಪೇಟೆಯ ಬರಹಗಾರರು ಗ್ರಾಮೀಣ ಪ್ರತಿಭೆ ಎಂದು ಬರೆದರು. ಮಾಡಿದವರೂ ಅದನ್ನೇ ನಂಬಿದರು. ಈ ಕೃತಿಯನ್ನು ಕೃತಿಯಂತೆಯೇ ಬಿಚ್ಚಿ ನೋಡಿದವರು ಕಡಿಮೆ.

ಏರ್ ಫಿಲ್ಟರ್ ಯಾಕೆ ಬೇಕು ಎಂದು ಇಲ್ಲಿ ಪಾಠ ಹೇಳಬೇಕಿಲ್ಲ. ಒಂದು ಲೆಕ್ಕ ಮಾತ್ರ ನೆನಪಿರಲಿ. ನೂರು ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗಿದರೆ 2500 ಸಲ ಉಸಿರೆಳೆಯುತ್ತದೆ. ಥ್ರಾಟಲ್ ಪೂರ್ತಿ ತೆರೆದಿದ್ದರೆ ಅದು ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ, ಗಂಟೆಗೆ 12,000 ಲೀಟರ್. ಟೂ ಸ್ಟ್ರೋಕ್ ಆದರೆ ಪ್ರತಿ ಸುತ್ತಿಗೂ ಒಂದು ಉಸಿರು. ಅಲ್ಲಿ ಇನ್ನೊಂದು ಅಪಾಯವೂ ಇದೆ: ಆ ಗಾಳಿ ಸಿಲಿಂಡರಿಗೆ ಹೋಗುವ ಮೊದಲು ಕ್ರ್ಯಾಂಕಿನ ಕೋಣೆಯನ್ನು ಹಾದುಹೋಗುತ್ತದೆ. ಒಳಗೆ ಬಂದ ಧೂಳು ಪಿಸ್ಟನ್ನಿನ ಜೊತೆಗೆ ಬೇರಿಂಗುಗಳನ್ನೂ ತಿನ್ನುತ್ತದೆ.

ಈ ಕೃತಿಯ ಮೊದಲ ದೋಷ ವಸ್ತುವಿನದಲ್ಲ, ಪರೀಕ್ಷೆಯದು. ಕಟ್ಟಿಹೋದ ಹಳೆಯ ಫಿಲ್ಟರ್ ಕಿತ್ತು ಗಾದಿ ಸ್ಪಂಜು ಹಾಕಿದ ದಿನ ಗಾಡಿ ನಿಜವಾಗಿಯೂ ಚುರುಕಾಗುತ್ತದೆ. ಹೊಗೆ ಕಡಿಮೆಯಾಗುತ್ತದೆ, ಇಂಜಿನ್ನಿನ ದನಿ ದಪ್ಪವಾಗುತ್ತದೆ. ‘ಕಾಕಾ, ಗಾಡಿ ಈಗ ಹಗುರ ಓಡ್ಲತ್ತದ ನೋಡ್ರಿ’ ಎಂದು ಹುಡುಗ ಬಂದು ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಫಿಲ್ಟರನ್ನೇ ಹಾಕದೆ ಬಿಟ್ಟಿದ್ದರೂ ಗಾಡಿ ಅಷ್ಟೇ ಹಗುರ ಓಡುತ್ತಿತ್ತು. ಗಾಳಿಗೆ ಅಡ್ಡಿ ಕಡಿಮೆಯಾದದ್ದನ್ನು ಪಿಕಪ್ ಹೇಳುತ್ತದೆಯೇ ಹೊರತು ಧೂಳಿಗೆ ಅಡ್ಡಿ ಇದೆಯೋ ಇಲ್ಲವೋ ಎಂಬುದನ್ನಲ್ಲ. ಅಡ್ಡಿ ವಿಪರೀತ ಕಡಿಮೆಯಾದರೆ ಕಾರ್ಬುರೇಟರಿನ ಲೆಕ್ಕವೇ ತಪ್ಪುತ್ತದೆ. ಪೆಟ್ರೋಲಿನ ಪ್ರಮಾಣಕ್ಕೆ ಗಾಳಿ ಹೆಚ್ಚಾಗಿ ಉರಿ ಬಿಸಿಯೇರುತ್ತದೆ, ಟೂ ಸ್ಟ್ರೋಕ್ ಗಾಡಿ ನೆಟ್ಟನೆಯ ರಸ್ತೆಯಲ್ಲಿ ಪೂರ್ತಿ ಓಟದಲ್ಲಿರುವಾಗ ಪಿಸ್ಟನ್ ಜಾಮ್ ಆಗಿ ನಿಲ್ಲುತ್ತದೆ. ಧೂಳಿನ ಹಾನಿ ಕಾಣುವುದು ತಿಂಗಳುಗಳ ಮೇಲೆ, ಕಂಪ್ರೆಷನ್ ಬಿದ್ದಾಗ. ಆಗ ದೂರು ಹೋಗುವುದು ಆಯಿಲಿನ ಮೇಲೆ, ಪೆಟ್ರೋಲ್ ಬಂಕಿನ ಮೇಲೆ, ಹಿಂದಿನ ಮಿಸ್ತ್ರಿಯ ಮೇಲೆ. ಸ್ಪಂಜಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಎರಡನೆಯ ದೋಷ ಕಲ್ಪನೆಯದು. ಮನೆಯಲ್ಲಿ ಫಿಲ್ಟರ್ ಮಾಡುವವರ ತಲೆಯಲ್ಲಿರುವುದು ಜರಡಿ. ತೂತು ಸಣ್ಣದಿದ್ದಷ್ಟೂ ಧೂಳು ನಿಲ್ಲುತ್ತದೆ, ಒಂದು ಪದರ ಸಾಲದಿದ್ದರೆ ಎರಡು ಹಾಕು ಎಂಬ ನಂಬಿಕೆ. ಗಾದಿ ಸ್ಪಂಜಿನ ತೂತು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಇಂಜಿನ್ನನ್ನು ಹೆಚ್ಚು ತಿನ್ನುವುದು 5ರಿಂದ 20 ಮೈಕ್ರಾನಿನ ಧೂಳು, ಯಾಕೆಂದರೆ ಅದು ರಿಂಗಿಗೂ ಬೋರಿಗೂ ನಡುವಿನ ಎಣ್ಣೆಯ ಪೊರೆಗೆ ಸರಿಯಾಗಿ ಸಿಕ್ಕಿಕೊಳ್ಳುವ ಗಾತ್ರ. ಹತ್ತು ಮೈಕ್ರಾನಿನ ಕಣಕ್ಕೆ ಆ ತೂತು ಐವತ್ತು ಪಟ್ಟು ದೊಡ್ಡ ಬಾಗಿಲು. ಒಣ ಸ್ಪಂಜು ತೊಗರಿಯ ಹೊಟ್ಟನ್ನು ತಡೆಯಬಹುದು, ಹಾರುವ ಹುಳವನ್ನು ತಡೆಯಬಹುದು, ಇಂಜಿನ್ನನ್ನು ಕಾಯಲಾರದು. ಸ್ಪಂಜಿನ ಫಿಲ್ಟರಿನಲ್ಲಿ ಕೆಲಸ ಮಾಡುವುದು ತೂತಲ್ಲ, ಎಣ್ಣೆ. ಗಾಳಿ ಸ್ಪಂಜಿನ ಒಳಗೆ ನೂರು ಕಡೆ ತಿರುಗುತ್ತದೆ. ಧೂಳಿಗೆ ತೂಕವಿರುವುದರಿಂದ ಅಷ್ಟು ಬೇಗ ತಿರುಗಲಾಗದೆ ಗೋಡೆಗೆ ಬಡಿಯುತ್ತದೆ. ಗೋಡೆ ಜಿಗುಟಾಗಿದ್ದರೆ ಅಲ್ಲೇ ಉಳಿಯುತ್ತದೆ, ಒಣಗಿದ್ದರೆ ಪುಟಿದು ಒಳಗೆ ಹೋಗುತ್ತದೆ. ಅದಕ್ಕೇ ಎಣ್ಣೆಯಿಲ್ಲದ ಎರಡು ಪದರಕ್ಕಿಂತ ಎಣ್ಣೆ ಹಿಂಡಿದ ಒಂದು ಪದರ ಮೇಲು.

ಸ್ಪಂಜಿನಲ್ಲೂ ಜಾತಿಯಿದೆ. ಫಿಲ್ಟರಿಗೆಂದೇ ಮಾಡುವ ಸ್ಪಂಜಿನ ಗುಳ್ಳೆಗಳ ನಡುವಿನ ಪೊರೆಗಳನ್ನು ಕಾರ್ಖಾನೆಯಲ್ಲಿ ಸುಟ್ಟು ಅಥವಾ ಕ್ಷಾರದಲ್ಲಿ ಅದ್ದಿ ತೆಗೆದಿರುತ್ತಾರೆ, ಎಲುಬಿನ ಹಂದರವಷ್ಟೇ ಉಳಿದಿರುತ್ತದೆ. ಗಾದಿಯ ಸ್ಪಂಜಿನಲ್ಲಿ ಆ ಪೊರೆಗಳು ಬಹಳಷ್ಟು ಹಾಗೇ ಇರುತ್ತವೆ. ಹಳೆಯ ಗಾದಿಯದಾದರೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಆ ಪುಡಿ ಹೋಗುವುದು ಕಾರ್ಬುರೇಟರಿಗೆ. ಹಸಿರು ಸ್ಕ್ರಬ್ಬರಿನ ಬಗ್ಗೆ ನನಗೆ ಎರಡು ಮಾತಿಲ್ಲ. ಪಾತ್ರೆಯ ಕರಿ ಹೋಗಲೆಂದು ಅದರ ನಾರಿಗೆ ಅಂಟಿಸಿರುವುದು ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡಿನ ಹರಳು, ಗಟ್ಟಿತನದಲ್ಲಿ ವಜ್ರದ ಕೆಳಗಿನ ಮೆಟ್ಟಿಲು. ಧೂಳು ತಡೆಯಲೆಂದು ಸಾಣೆಯ ಪುಡಿಯನ್ನೇ ಇಂಜಿನ್ನಿನ ಮೂಗಿಗೆ ಕಟ್ಟುವ ಕೆಲಸ ಇದು.

ಇನ್ನು ಎಣ್ಣೆ. ಈ ಪದ್ಧತಿಯಲ್ಲಿ ವಿಚಾರಕ್ಕೆ ಜಾಗವಿರುವುದೇ ಇಲ್ಲಿ, ಯಾರೂ ವಿಚಾರ ಮಾಡದೆ ಬಿಟ್ಟದ್ದೂ ಇಲ್ಲಿಯೇ. ಗ್ಯಾರೇಜಿನಲ್ಲಿ ಇಳಿಸಿದ ಕರೀ ಆಯಿಲ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಲೋಹದ ನುಣ್ಣನೆಯ ಚೂರು, ಮಸಿ ಎರಡೂ ಇರುತ್ತವೆ. ಮನೆಯಲ್ಲಿ ಇರುವುದು ಕುಸುಬಿ ಎಣ್ಣೆ. ನಮ್ಮ ಒಗ್ಗರಣೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎನ್ನುವವನು ನಾನೂ. ಆದರೆ ಅದರ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ತೆಳ್ಳಗೆ ಸವರಿ ಗಾಳಿಗಿಟ್ಟರೆ ಅದು ಒಣಗಿ ಗಟ್ಟಿ ಪೊರೆಯಾಗುತ್ತದೆ, ಬಣ್ಣ ತಯಾರಿಸುವವರು ಅದನ್ನು ಬಳಸುವುದೇ ಆ ಗುಣಕ್ಕೆ. ಸ್ಪಂಜಿನ ಒಳಗೆ ಗಂಟೆಗೆ ಸಾವಿರಾರು ಲೀಟರ್ ಗಾಳಿ ಹಾಯುತ್ತಿರುವಾಗ ಒಣಗಲು ಇನ್ನೇನು ಬೇಕು? ಕೆಲವು ವಾರಗಳಲ್ಲಿ ಜಿಗುಟು ಹೋಗಿ ವಾರ್ನಿಷ್ ಉಳಿಯುತ್ತದೆ. ಔಡಲೆಣ್ಣೆಯ ಸ್ವಭಾವವೇ ಬೇರೆ. ದಪ್ಪ, ಜಿಗುಟು, ಹಾಗೆ ಒಣಗುವ ಜಾತಿಯದಲ್ಲ. ರೇಸಿನ ಇಂಜಿನ್ನುಗಳಿಗೆ ಒಂದು ಕಾಲದಲ್ಲಿ ಅದನ್ನೇ ಹಾಕುತ್ತಿದ್ದರು. ಮನೆಯಲ್ಲಿ ಎರಡೂ ಎಣ್ಣೆಗಳಿದ್ದಾಗ ಕೈ ಕುಸುಬಿಯ ಕಡೆಗೇ ಹೋಗುತ್ತದೆ, ಅದು ಮುಂದೆಯೇ ಇರುತ್ತದಲ್ಲ.

ಹೊಸ ಇಂಜಿನ್ ಆಯಿಲೂ ನಡೆಯುತ್ತದೆ, ಆದರೆ ಕಲಬುರಗಿಯ ಮೇ ತಿಂಗಳಲ್ಲಿ 43 ಡಿಗ್ರಿಗೆ ಅದು ನೀರಾಗಿ ಸ್ಪಂಜಿನ ತಳಕ್ಕಿಳಿದು ಮೇಲ್ಭಾಗವನ್ನು ಒಣ ಬಿಡುತ್ತದೆ. ಹಿಂಡುವುದರಲ್ಲೂ ಕೈಗುಣವಿದೆ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಸ್ಪಂಜು ಒಳಗೊಳಗೇ ಹರಿಯುತ್ತದೆ. ಎರಡು ಅಂಗೈ ನಡುವೆ ಒತ್ತಬೇಕು, ಬಣ್ಣ ಎಲ್ಲ ಕಡೆ ಒಂದೇ ಸಮ ಬರುವವರೆಗೆ, ಹನಿ ತೊಟ್ಟಿಕ್ಕುವುದು ನಿಲ್ಲುವವರೆಗೆ.

‘ನಮ್ಮ ಎರೆ ಮಣ್ಣು ಮೆತ್ತಗ, ಅದು ಇಂಜಿನ್ನಿಗೆ ಏನೂ ಮಾಡಂಗಿಲ್ಲ’ ಎಂಬ ವಾದವೂ ಉಂಟು. ಅರ್ಧ ನಿಜ. ಎರೆ ಮಣ್ಣಿನಲ್ಲಿ ಜೇಡಿಯ ಪಾಲು ಹೆಚ್ಚು, ಅದರ ಕಣ ಎರಡು ಮೈಕ್ರಾನಿಗಿಂತ ಸಣ್ಣದು, ಮೆತ್ತಗಿನದು. ಶಹಾಬಾದ್, ವಾಡಿ ಕಡೆಯ ಕಲ್ಲಿನ ಪುಡಿಯೂ ಸುಣ್ಣದ ಜಾತಿ, ಗಟ್ಟಿತನದ ಅಳತೆಯಲ್ಲಿ ಮೂರು. ಆದರೆ ಗಾಡಿ ಓಡುವುದು ಹೊಲದಲ್ಲಲ್ಲ, ರಸ್ತೆಯ ಮೇಲೆ. ರಸ್ತೆಗೆ ಹಾಕಿದ್ದು ಗರಸು, ಕ್ರಷರಿನ ಕರಿಕಲ್ಲಿನ ಜಲ್ಲಿ. ಆ ಕಲ್ಲಿನ ಖನಿಜಗಳ ಗಟ್ಟಿತನ ಆರರ ಆಸುಪಾಸು. ಬೀಡು ಕಬ್ಬಿಣದ ಬೋರನ್ನು ಗೀರಲು ಅಷ್ಟು ಸಾಕು.

ಇಷ್ಟೆಲ್ಲ ಸರಿಪಡಿಸಿದರೂ ಕೃತಿ ಸೋಲುವುದು ಅಂಚಿನಲ್ಲಿ. ಹೊಗಳುವವರೂ ತೆಗಳುವವರೂ ಸ್ಪಂಜಿನ ನಡುವನ್ನೇ ನೋಡುತ್ತಾರೆ. ನಾನು ನೋಡುವುದು ಸ್ಪಂಜು ಪೆಟ್ಟಿಗೆಯ ಗೋಡೆಗೆ ತಾಗುವ ಗೆರೆಯನ್ನು. ಕಂಪನಿಯ ಫಿಲ್ಟರಿಗೆ ಅಲ್ಲಿ ಒಂದು ದಪ್ಪ ತುಟಿ ಇರುತ್ತದೆ, ಅಥವಾ ಸ್ಪಂಜನ್ನು ಬಿಗಿಯಾಗಿ ಹೊರುವ ಪ್ಲಾಸ್ಟಿಕ್ ಚೌಕಟ್ಟು. ಗಾದಿ ಸ್ಪಂಜನ್ನು ಬ್ಲೇಡಿನಲ್ಲಿ ಕತ್ತರಿಸುವಾಗ ಅಂಚು ಓರೆಯಾಗುತ್ತದೆ, ಒಂದು ಮೂಲೆ ಗಿಡ್ಡವಾಗುತ್ತದೆ. ಒಂದು ಮಿಲಿಮೀಟರ್ ಅಗಲ, ಇಪ್ಪತ್ತು ಮಿಲಿಮೀಟರ್ ಉದ್ದದ ಸಂದು ಎಂದಿಟ್ಟುಕೊಳ್ಳಿ, ಕಣ್ಣಿಗೆ ಬೀಳದಷ್ಟು. ಗಾಳಿ ಹೋಗುವ ಕೊಳವೆ 24 ಮಿಲಿಮೀಟರ್ ವ್ಯಾಸದ್ದಾದರೆ ಈ ಸಂದು ಅದರ ಬಾಯಿಯ ನೂರಕ್ಕೆ ನಾಲ್ಕು ಪಾಲಿಗಿಂತ ಹೆಚ್ಚು. ಅಲ್ಲಿ ತೂತೂ ಇಲ್ಲ, ಎಣ್ಣೆಯೂ ಇಲ್ಲ, ತಿರುವೂ ಇಲ್ಲ. ಕಣ ಯಾವ ಗಾತ್ರದ್ದಾದರೂ ನೇರ ದಾರಿ.

ಇದರ ಕೆಟ್ಟ ಗುಣ ದಿನ ಕಳೆದಂತೆ ತಿಳಿಯುತ್ತದೆ. ಸ್ಪಂಜು ಚೆನ್ನಾಗಿ ಕೆಲಸ ಮಾಡಿದಷ್ಟೂ ಧೂಳು ಹಿಡಿದು ಕಟ್ಟುತ್ತದೆ. ಕಟ್ಟಿದಷ್ಟೂ ಇಂಜಿನ್ನಿನ ಎಳೆತ ಹೆಚ್ಚುತ್ತದೆ. ಎಳೆತ ಹೆಚ್ಚಿದಷ್ಟೂ ಗಾಳಿ ಸುಲಭದ ದಾರಿ ಹುಡುಕಿ ಸಂದಿಗೆ ನುಗ್ಗುತ್ತದೆ. ಅಂದರೆ ಅಂಚು ಸೋರುವ ಫಿಲ್ಟರಿನಲ್ಲಿ ನಡುವಿನ ಒಳ್ಳೆಯತನವೇ ಸೋರಿಕೆಗೆ ನೀರೆರೆಯುತ್ತದೆ. ಒಳ್ಳೆಯ ಸ್ಪಂಜು, ಕೆಟ್ಟ ಅಂಚು ಎಂಬ ಜೋಡಿ ತೀರಾ ಕೆಟ್ಟ ಸ್ಪಂಜಿಗಿಂತ ಬಹಳ ಮೇಲಲ್ಲ. ಪರಿಹಾರ ಒಂದು ಬೆರಳು ಗ್ರೀಸ್. ಸ್ಪಂಜನ್ನು ಒಂದೆರಡು ಮಿಲಿಮೀಟರ್ ದೊಡ್ಡದಾಗಿಯೇ ಕತ್ತರಿಸಿ, ಅಂಚಿಗೆ ಸುತ್ತಲೂ ಗ್ರೀಸ್ ಸವರಿ, ಒತ್ತಿ ಕೂರಿಸುವುದು. ಈ ಗ್ರೀಸಿನ ಗೆರೆ ಇಲ್ಲದ ಮನೆ ಫಿಲ್ಟರನ್ನು ಫಿಲ್ಟರ್ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವ ಜುಗಾಡನ್ನು ತತ್ತ್ವವಾಗಿಸಿದವರ ಜೊತೆ ನನ್ನ ಜಗಳವೂ ಇಂಥ ಕಣ್ಣಿಗೆ ಬೀಳದ ಸೋಲಿನ ಬಗ್ಗೆಯೇ. 2012ರಲ್ಲಿ ನವಿ ರಾಜು, ಜೈದೀಪ್ ಪ್ರಭು, ಸಿಮೋನ್ ಅಹುಜಾ ಜುಗಾಡಿನ ಹೆಸರಿನಲ್ಲೇ ಪುಸ್ತಕ ಬರೆದು ಜಗತ್ತಿನ ಕಂಪನಿಗಳಿಗೆ ಕಲಿಸಲು ಹೊರಟರು. ಆಮೇಲೆ ನಮ್ಮ ಪುರವಣಿಗಳಲ್ಲಿ ಕಡಿಮೆ ಖರ್ಚು ಎಂಬುದೇ ಗುಣದ ಪ್ರಮಾಣಪತ್ರವಾಯಿತು. ಇವರು ಒಂದು ಭೇದವನ್ನೇ ಮರೆತರು. ಗುಜರಾತಿನ ಅಮ್ರೇಲಿಯ ಮನ್ಸುಖ್‌ಭಾಯಿ ಜಗಾನಿ ಬುಲೆಟ್ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರ ತೆಗೆದು ಕುಂಟೆ ಕಟ್ಟಿ ‘ಬುಲೆಟ್ ಸಾಂತಿ’ ಮಾಡಿದರು. ಅದು ಗೆದ್ದಿತೋ ಸೋತಿತೋ ಎಂಬುದನ್ನು ಸಾಲು ನೋಡಿ ಅದೇ ದಿನ ಹೇಳಬಹುದು, ನೆರೆಹೊಲದವನೂ ಹೇಳಬಹುದು. ಸೋಲು ಎದುರಿಗೇ ಕಾಣುವ ಕಡೆ ಅಗ್ಗದ ಪ್ರಯೋಗ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತ ಹೋಗುತ್ತದೆ. ಫಿಲ್ಟರಿನಲ್ಲಿ ಸೋಲು ಬೋರಿನೊಳಗೆ ಕೂತಿರುತ್ತದೆ. ಅಲ್ಲಿ ಪ್ರಯೋಗ ತಿದ್ದಿಕೊಳ್ಳುವುದಿಲ್ಲ, ಹಾಗೇ ಹಬ್ಬುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಹೂ ಏರಿಸುವುದು ವಿಮರ್ಶೆಯ ಸೋಮಾರಿತನ.

ಇನ್ನೊಂದು ಗುಂಪು ಮೋಟಾರ್‌ಸೈಕಲ್ ಪ್ರಯಾಣದ ಪುಸ್ತಕ ಬರೆದ ರಾಬರ್ಟ್ ಪಿರ್ಸಿಗ್‌ರನ್ನು ಓದಿದವರದು. ಗೆಳೆಯನ ದುಬಾರಿ ಬಿಎಂಡಬ್ಲ್ಯು ಗಾಡಿಯ ಸಡಿಲವಾದ ಹ್ಯಾಂಡಲಿಗೆ ಬಿಯರ್ ಡಬ್ಬಿಯ ತಗಡಿನ ಪಟ್ಟಿ ಸಾಕು ಎಂದು ನಿರೂಪಕ ಹೇಳುವ, ಗೆಳೆಯ ಅದಕ್ಕೆ ಮುಖ ಗಂಟಿಕ್ಕುವ ಪ್ರಸಂಗ 1974ರ ಆ ಪುಸ್ತಕದಲ್ಲಿ ಪ್ರಸಿದ್ಧ. ಅದನ್ನು ಹಿಡಿದುಕೊಂಡು ಗುಜರಿಯ ಎಲ್ಲ ತುಂಡುಗಳಿಗೂ ಮೋಕ್ಷ ಕೊಡುವ ಪ್ರಬಂಧಗಳನ್ನು ಓದಿದ್ದೇನೆ. ಆದರೆ ನಿರೂಪಕ ಗೆಲ್ಲುವುದು ಡಬ್ಬಿ ಅಗ್ಗವೆಂದಲ್ಲ. ಆ ಜಾಗ ಏನು ಕೇಳುತ್ತದೆ, ಆ ತಗಡು ಏನು ಕೊಡುತ್ತದೆ ಎಂಬುದನ್ನು ಅವನು ತಿಳಿದಿದ್ದ. ಗಾದಿ ಸ್ಪಂಜಿನ ಭಕ್ತರು ಡಬ್ಬಿಯನ್ನು ಎತ್ತಿಕೊಂಡು ಆ ತಿಳಿವಳಿಕೆಯನ್ನು ಅಲ್ಲೇ ಬಿಟ್ಟು ಬಂದರು. ನಮ್ಮಲ್ಲೇ ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಕೃಷಿಕರು ತಾವೇ ಮಾಡಿಕೊಂಡ ಸಾಧನಗಳ ಬಗ್ಗೆ ಅವರ ಕೈಯಲ್ಲೇ ಬರೆಸುತ್ತ ಬಂದಿದೆ. ಗ್ಯಾರೇಜಿನ ಕಸುಬಿಗೆ ನಮ್ಮ ಈ ತೊಗರಿ ಸೀಮೆಯಲ್ಲಿ ಅಂಥದೊಂದು ಜಾಗ ಇದ್ದಿದ್ದರೆ ಹಸಿರು ಸ್ಕ್ರಬ್ಬರ್ ಇಷ್ಟು ದಿನ ಬದುಕುತ್ತಿರಲಿಲ್ಲ.

ಎದುರು ಪಕ್ಷದವರನ್ನೂ ಬಿಡುವಂತಿಲ್ಲ. ಒರಿಜಿನಲ್ ಬಿಟ್ಟು ಬೇರೇನೂ ಹಾಕಬೇಡಿ ಎನ್ನುವ ಸರ್ವಿಸ್ ಪಂಡಿತರಿಗೆ ಒಂದು ಪ್ರಶ್ನೆ: ಆರ್‌ಎಕ್ಸ್ 100 ತಯಾರಿ 1996ರಲ್ಲೇ ನಿಂತಿತು. ಇವತ್ತು ಪ್ಲಾಸ್ಟಿಕ್ ಚೀಲದಲ್ಲಿ ನೇತುಹಾಕಿ ಮಾರುವ ಸ್ಪಂಜು ಯಾವ ಒರಿಜಿನಲ್ಲು? ಅದರಲ್ಲೂ ಬಹಳಷ್ಟು ಯಾರೋ ಎಲ್ಲೋ ಕತ್ತರಿಸಿದ್ದೇ. ಬೆಲೆ ನೂರಿನ್ನೂರರ ಆಸುಪಾಸು, ಅಂಚು ಅದರದೂ ಓರೆ. ಅದನ್ನು ಒಣದಾಗಿಯೇ ಕೂರಿಸಿ ಕೊಡುವ ಮಿಸ್ತ್ರಿಗಿಂತ ಔಡಲೆಣ್ಣೆ, ಗ್ರೀಸ್ ಬಲ್ಲ ರೈತ ಎಷ್ಟೋ ಮೇಲು. ಬೋರ್ ಮಾಡಿಸಿ ಪಿಸ್ಟನ್ ಕಿಟ್ ಹಾಕಿಸಲು ಸಾವಿರಗಳು ಬೇಕಾಗುವ ಕಡೆ ಈ ಎರಡು ಪಕ್ಷಗಳ ಹಟಕ್ಕೂ ದುಡ್ಡು ತೆರುವವನು ಗಾಡಿಯ ಯಜಮಾನ.

ಕೃತಿಯನ್ನು ಪರೀಕ್ಷಿಸುವ ಬಗೆ ಸರಳ, ಪಿಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಫಿಲ್ಟರಿಗೂ ಕಾರ್ಬುರೇಟರಿಗೂ ನಡುವಿನ ರಬ್ಬರ್ ಪೈಪಿನ ಒಳಗೋಡೆಗೆ ತೆಳ್ಳಗೆ ಗ್ರೀಸ್ ಸವರಿ, ಒಂದು ವಾರ ಓಡಿಸಿ, ಬಿಳಿ ಬಟ್ಟೆಯಲ್ಲಿ ಒರೆಸುವುದು. ಬಟ್ಟೆಯ ಮೇಲೆ ಹರಳು ಹರಳಾಗಿ ಸಿಕ್ಕರೆ ಫಿಲ್ಟರ್ ಸೋತಿದೆ. ಮನೆಯಲ್ಲಿ ಮಾಡಿದ ಬಹುಪಾಲು ಫಿಲ್ಟರುಗಳು ಇದರಲ್ಲಿ ಸೋಲುತ್ತವೆ ಎಂಬುದು ನನ್ನ ತೀರ್ಪು.

ಒಂದನ್ನು ಮಾತ್ರ ಹೊರಗಿಡುತ್ತೇನೆ, ವಿಚಿತ್ರವೆಂದರೆ ಅದನ್ನು ಯಾರೂ ಹೊಗಳಿಲ್ಲ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಹೊಟ್ಟು ರಸ್ತೆಯ ಮೇಲೆಲ್ಲ ಹಾರುತ್ತದೆ. ಆಗ ಎಣ್ಣೆ ಹಿಂಡಿದ ಸ್ಪಂಜಿನ ಹೊರಗೆ ಹಳೆಯ ಬನಿಯನ್ನಿನ ತೆಳ್ಳನೆಯ ಬಟ್ಟೆಯನ್ನು ಚೀಲದಂತೆ ತೊಡಿಸುವವರಿದ್ದಾರೆ. ಸ್ಪಂಜಿನ ಬದಲಿಗಲ್ಲ, ಅದರ ಮೇಲೆ. ಹೊಟ್ಟು ಬಟ್ಟೆಯಲ್ಲೇ ನಿಲ್ಲುತ್ತದೆ, ಸಂಜೆ ಬಿಚ್ಚಿ ಕೊಡವಿದರೆ ಆಯಿತು, ಒಳಗಿನ ಸ್ಪಂಜು ನುಣ್ಣನೆಯ ಧೂಳಿಗೆ ಮೀಸಲಾಗಿ ಬಹಳ ದಿನ ಬಾಳುತ್ತದೆ. ಖರ್ಚಿಲ್ಲ, ಕೆಲಸ ಮಾಡುತ್ತದೆ, ಕಟ್ಟಿದರೆ ಕಣ್ಣಿಗೇ ಕಾಣುತ್ತದೆ. ಮಿರಗದ ಮಳೆ ಹಿಡಿದ ಮೇಲೆ ಮಾತ್ರ ಅದನ್ನು ತೆಗೆದಿಡಬೇಕು. ಒದ್ದೆ ಬಟ್ಟೆ ಗಾಳಿ ಬಿಡುವುದಿಲ್ಲ, ಗಾಡಿ ಕಪ್ಪು ಹೊಗೆ ಉಗುಳತೊಡಗುತ್ತದೆ.